ನೋವಿಲ್ಲದೆ ಕಣ್ಣನ್ನು ಕೆಡಿಸುವ ವೈರಸ್ಸು

ಕಣ್ಣಿಗೆ ಒಂದು ಧೂಳಿನ ಕಣ ಬಿದ್ದರೂ ನಾವು ಸುಮ್ಮನಿರಲಾರೆವು. ಆದರೆ ಅದೇ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಅಕ್ಷಿಪಟಲವು ಚೂರುಚೂರಾಗಿ ನಾಶವಾಗುತ್ತಿದ್ದರೂ ನಮಗೆ ತಿಳಿಯದೆ ಹೋಗಬಹುದು. ಆ ತೆಳುಪೊರೆಯಲ್ಲಿ ನೋವನ್ನು ತಿಳಿಸುವ ನರಗಳಿಲ್ಲ. ಸೈಟೊಮೆಗಾಲೊವೈರಸ್ ಎಂಬ ರೋಗಾಣುವು ಕಣ್ಣನ್ನು ಕೆಡಿಸುವುದು ಈ ಮೌನದ ಮರೆಯಲ್ಲಿಯೇ.

ಇದು ಸೀತಾಳೆ ಸಿಡುಬನ್ನು ತರುವ ವೈರಸ್ಸಿನ ಕುಲಕ್ಕೇ ಸೇರಿದುದು. ನಮ್ಮಲ್ಲಿ ಹೆಚ್ಚಿನವರ ದೇಹವನ್ನು ಅದು ಎಂದೋ ಹೊಕ್ಕು ನಿದ್ರಿಸುತ್ತಿರುತ್ತದೆ. ಬಿಳಿಯ ರಕ್ತಕಣಗಳ ಕಾವಲು ಸಡಿಲಿದಾಗ ಮಾತ್ರ ಎಚ್ಚರಗೊಳ್ಳುತ್ತದೆ. 1981ರಲ್ಲಿ ಅಮೆರಿಕದಲ್ಲಿ ಮೊದಲು ವರದಿಯಾದ ಏಡ್ಸ್ ರೋಗದಲ್ಲಿ ಆಗುವುದು ಇದೇ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ 500ಕ್ಕಿಂತ ಹೆಚ್ಚಾಗಿರುವ ಸಿಡಿ4 ಕಣಗಳು 50ಕ್ಕಿಂತ ಕೆಳಗಿಳಿದವೆಂದರೆ ಕಣ್ಣಿಗೆ ಅಪಾಯ ಒದಗಿತೆಂದೇ ತಿಳಿಯಬೇಕು. 1996ರಿಂದೀಚೆಗೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆಯಿಂದ ಈ ಬಾಧೆ ಬಹುಮಟ್ಟಿಗೆ ತಗ್ಗಿದೆ. ಆದರೂ ತಡವಾಗಿ ಚಿಕಿತ್ಸೆಗೆ ಬಂದವರಿಗೂ, ಅಸ್ಥಿಮಜ್ಜೆಯನ್ನೋ ಮೂತ್ರಪಿಂಡವನ್ನೋ ದಾನವಾಗಿ ಪಡೆದು ರೋಗನಿರೋಧಶಕ್ತಿಯನ್ನು ಅಡಗಿಸುವ ಔಷಧ ಸೇವಿಸುವವರಿಗೂ ಭಯ ತಪ್ಪಿಲ್ಲ.

ರಕ್ತಪರೀಕ್ಷೆಯಿಂದ ತಿಳಿಯಬಾರದೇ ಎಂದು ಓದುಗರು ಕೇಳಬಹುದು. ವೈರಸ್ಸು ಎಂದೋ ದೇಹವನ್ನು ಹೊಕ್ಕಿತ್ತೆಂಬುದನ್ನು ರಕ್ತದಲ್ಲಿನ ಪ್ರತಿಕಾಯಗಳು ಹೇಳುತ್ತವೆ; ಈಗ ಕಣ್ಣಿನಲ್ಲಿ ಏನು ನಡೆದಿದೆಯೆಂಬುದನ್ನು ಹೇಳಲಾರವು. ಆದುದರಿಂದ ಒಳಗೆ ಇಣುಕಿ ನೋಡಲೇಬೇಕು.

ನೋಡುವುದೆಂತು? ಪಾಪೆಯು ಕಪ್ಪಗೆ ಕಾಣುವುದೇಕೆಂದು ಯೋಚಿಸಿ. ಒಳಹೊಕ್ಕ ಬೆಳಕು ಬಂದ ದಾರಿಯಲ್ಲಿಯೇ ಮರಳುತ್ತದೆ. ಆ ದಾರಿಯಲ್ಲಿ ನಮ್ಮ ಕಣ್ಣನ್ನಿಡಹೋದರೆ ನಮ್ಮ ತಲೆಯೇ ದೀಪಕ್ಕೆ ಅಡ್ಡವಾಗುತ್ತದೆ. 1850ರಲ್ಲಿ ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿಯು ಗಾಜಿನ ಫಲಕಗಳನ್ನು ಓರೆಯಾಗಿ ನಿಲ್ಲಿಸಿ ಈ ತೊಡಕನ್ನು ಬಿಡಿಸಿದನು. ಗಾಜು ದೀಪದ ಬೆಳಕಿನಲ್ಲಿ ಒಂದು ಪಾಲನ್ನು ಕಣ್ಣೊಳಕ್ಕೆ ಪ್ರತಿಫಲಿಸುತ್ತದೆ. ಮರಳಿದ ಬೆಳಕಿನಲ್ಲಿ ಒಂದು ಪಾಲು ಗಾಜನ್ನು ಹಾಯ್ದು ನೋಡುವವನನ್ನು ಸೇರುತ್ತದೆ. ಬೆಳಕಿನ ಪಾಠ ಹೇಳುವಾಗ ನಾವು ಇದನ್ನು ತಪ್ಪದೆ ಪ್ರಸ್ತಾಪಿಸುತ್ತೇವೆ; ಇಷ್ಟು ಸರಳವಾದ ಯುಕ್ತಿಯಿಂದ ಇಷ್ಟು ಮಂದಿಗೆ ಉಪಕಾರವಾದ ನಿದರ್ಶನಗಳು ವಿರಳ.

ಆದರೆ ಈ ಬಗೆಯ ನೇರ ಉಪಕರಣದಲ್ಲಿ ಒಮ್ಮೆಗೆ ಕಾಣುವುದು ಪಟಲದ ಸಣ್ಣದೊಂದು ಭಾಗ. ನಮ್ಮ ವೈರಸ್ಸಾದರೋ ಅನೇಕ ವೇಳೆ ಅಂಚಿನಿಂದ ಆರಂಭಿಸುತ್ತದೆ. ಆದ್ದರಿಂದ ವೈದ್ಯರು ಔಷಧದ ಹನಿಯಿಂದ ಪಾಪೆಯನ್ನು ಹಿಗ್ಗಿಸಿ, ತಲೆಗೆ ದೀಪವನ್ನು ಕಟ್ಟಿಕೊಂಡು, ಸಾಮಾನ್ಯವಾಗಿ 20 ಡಯಾಪ್ಟರಿನ, ಎಂದರೆ 5 ಸೆಂಟಿಮೀಟರ್ ಸಂಗಮದೂರದ, ಪೀನಮಸೂರವನ್ನು ಕಣ್ಣಿನ ಮುಂದೆ ಹಿಡಿಯುತ್ತಾರೆ. ಗಾಳಿಯಲ್ಲಿ ಪಟಲದ ತಲೆಕೆಳಗಾದ ಬಿಂಬವು ಮೂಡುತ್ತದೆ. ನಾವು ಮೇಣದಬತ್ತಿಯ ಬಿಂಬವನ್ನು ಪಡೆಯುವಂತೆಯೇ! ರೋಗವಿದ್ದರೆ ರಕ್ತನಾಳಗಳ ಗುಂಟ ಮೊಸರಿನ ಮೇಲೆ ಕುಂಕುಮ ಚೆಲ್ಲಿದಂತೆ ಬಿಳಿಯ ಮಚ್ಚೆಗಳೂ ರಕ್ತದ ಕಲೆಗಳೂ ತೋರುತ್ತವೆ.

ಬೇರೆ ಕೆಲವು ಸೋಂಕುಗಳೂ ಹೀಗೆಯೇ ಕಾಣುವುದುಂಟು. ಸಂಶಯವಿದ್ದಲ್ಲಿ ಕಣ್ಣಿನ ಮುಂಭಾಗದ ದ್ರವವನ್ನು ಸುಮಾರು 0.1 ಮಿಲಿಲೀಟರಿನಷ್ಟು ತೆಗೆದು ವೈರಸ್ಸಿನ ಡಿಎನ್‌ಎಯನ್ನು ಹುಡುಕುತ್ತಾರೆ. 1983ರಲ್ಲಿ ಕ್ಯಾರಿ ಮಲ್ಲಿಸ್ ಕಲ್ಪಿಸಿದ ಪಿಸಿಆರ್ ವಿಧಾನದಲ್ಲಿ ಡಿಎನ್‌ಎಯ ತುಣುಕು ಪ್ರತಿ ಸುತ್ತಿನಲ್ಲಿಯೂ ಇಮ್ಮಡಿಯಾಗುತ್ತದೆ. ಚದುರಂಗದ ಮನೆಗಳಲ್ಲಿ ಕಾಳುಗಳನ್ನು ಇಮ್ಮಡಿಸುತ್ತ ಹೋದ ಕಥೆಯನ್ನು ನೆನೆಯಿರಿ: ಲೆಕ್ಕದ ಪ್ರಕಾರ 30 ಸುತ್ತು ಮುಗಿಯುವಷ್ಟರಲ್ಲಿ ಒಂದು ತುಣುಕು 107 ಕೋಟಿಯನ್ನು ಮೀರುತ್ತದೆ.

ಗ್ಯಾನ್ಸೈಕ್ಲೊವಿರ್ ಮುಂತಾದ ಔಷಧಗಳು ವೈರಸ್ಸನ್ನು ತಡೆಯುತ್ತವೆ. ಸತ್ತ ಪಟಲವನ್ನು ಬದುಕಿಸಲಾರವು. ಅಂಥ ಪಟಲವು ಹರಿದು ಗೋಡೆಯಿಂದ ಕಳಚಿಕೊಳ್ಳುವುದೂ ಉಂಟು. ಆದುದರಿಂದ ರೋಗಿಯು ದೂರುವವರೆಗೆ ಕಾಯುವುದು ಸಲ್ಲದೆಂದು ನಮ್ಮ ಅಭಿಪ್ರಾಯ. ಕಣ್ಣೆದುರು ತೇಲುವ ಕಪ್ಪು ಚುಕ್ಕೆ, ಮಿಂಚು, ಒಂದು ಬದಿಗೆ ತೆರೆ ಎಳೆದಂಥ ಮಬ್ಬು ಇವು ಸೂಚನೆಗಳು. ಎರಡೂ ಕಣ್ಣು ತೆರೆದಿದ್ದರೆ ಒಂದರ ಕುಂದನ್ನು ಇನ್ನೊಂದು ಮರೆಸುವುದರಿಂದ, ಒಂದೊಂದನ್ನೇ ಮುಚ್ಚಿ ನೋಡಬೇಕು. ಆದರೆ ಅಂಚಿನ ರೋಗವು ಯಾವ ಸೂಚನೆಯನ್ನೂ ಕೊಡದಿರಬಹುದು. ಸಿಡಿ4 ಎಣಿಕೆ ತೀರ ಇಳಿದವರಿಗೆ ವೈದ್ಯರ ಪರೀಕ್ಷೆಯೇ ಬೇಕು. ಅದಕ್ಕೆ ಹಿಡಿಯುವ ಹೊತ್ತು ಅಲ್ಪ. ಹನಿ ಹಾಕಿದ ಮೇಲೆ ಕೆಲವು ಗಂಟೆಗಳ ಕಾಲ ಅಕ್ಷರಗಳು ಮಸುಕಾಗಿ ಕಾಣುವುದರಿಂದ, ಜತೆಗೆ ಒಬ್ಬರನ್ನು ಕರೆದೊಯ್ಯುವುದು ಒಳ್ಳೆಯದು.