ಊರಿನ ದಾರಿಗೆ ಆರೋಗ್ಯದ ಬುತ್ತಿ

ಬೇಸಿಗೆಯ ರಜೆ ಸಮೀಪಿಸಿತೆಂದರೆ ಅಹಮದಾಬಾದಿನ ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಮೊದಲಾಗುತ್ತದೆ. ಮನೆಮಂದಿಯೆಲ್ಲ ಒಟ್ಟಾಗಿ ಸ್ವಂತ ಕಾರಿನಲ್ಲೇ ಹೊರಡುವ ಕುಟುಂಬಗಳು ಈಗ ಅನೇಕ. ನವರಂಗಪುರದಿಂದ ಹೊರಟು ವಡೋದರ, ಭರೂಚ್, ಸೂರತ್, ವಾಪಿಗಳನ್ನು ದಾಟಿ, ಮುಂಬಯಿಯ ಅಂಚಿನಿಂದ ಪುಣೆ, ಸಾತಾರಾ, ಕೊಲ್ಹಾಪುರಗಳ ಮೂಲಕ ನಿಪ್ಪಾಣಿಯ ಬಳಿ ಕರ್ನಾಟಕವನ್ನು ಸೇರುವ ಈ ಹಾದಿ ಬೆಳಗಾವಿಗೆ ಸುಮಾರು ಸಾವಿರ, ಬೆಂಗಳೂರಿಗೆ ಸುಮಾರು ಒಂದೂವರೆ ಸಾವಿರ ಕಿಲೋಮೀಟರು. ನೆಂಟರಿಗೆ ಸೀರೆ, ಮಕ್ಕಳಿಗೆ ಆಟಿಕೆ, ಕೇಸರ್ ಮಾವಿನ ಪೆಟ್ಟಿಗೆ ಇವೆಲ್ಲ ಮರೆಯದೆ ಕಾರನ್ನೇರುತ್ತವೆ. ಆದರೆ ಪ್ರಾಣ ಕಾಯುವ ವಸ್ತುಗಳು ಒಂದೋ ಮನೆಯಲ್ಲೇ ಉಳಿಯುತ್ತವೆ, ಇಲ್ಲವೇ ಡಿಕ್ಕಿಯ ತಳ ಸೇರುತ್ತವೆ. ಕೈಗೆಟುಕದ ಔಷಧ ಇದ್ದೂ ಇಲ್ಲದಂತೆಯೇ. ಆದುದರಿಂದ ಕುಳಿತಲ್ಲಿಂದಲೇ ಸಿಗುವ ಒಂದು ಪ್ರತ್ಯೇಕ ಚೀಲದಲ್ಲಿ ಆರೋಗ್ಯದ ಬುತ್ತಿಯನ್ನು ಕಟ್ಟಿಕೊಳ್ಳುವುದು ಅತ್ಯವಶ್ಯ.

ನೀರು ಮತ್ತು ಉಪ್ಪು

ಗುಜರಾತಿನ ಬಿಸಿಲನ್ನು ಹಗುರವಾಗಿ ಭಾವಿಸಲಾಗದು. 2010ರ ಮೇ ತಿಂಗಳಲ್ಲಿ ಅಹಮದಾಬಾದಿನ ಉಷ್ಣತೆ 46.8 ಡಿಗ್ರಿಗೆ ಏರಿತು. ಆ ತಿಂಗಳು ವಾಡಿಕೆಗಿಂತ 1,344 ಸಾವುಗಳು ಹೆಚ್ಚಾಗಿ ಸಂಭವಿಸಿದುವೆಂದು ತಜ್ಞರು ಲೆಕ್ಕ ಹಾಕಿದರು. ಅದರ ಪರಿಣಾಮವಾಗಿಯೇ 2013ರಲ್ಲಿ ನಗರವು ಬಿಸಿಲಿನ ಬೇಗೆಯನ್ನು ಎದುರಿಸುವ ಯೋಜನೆಯೊಂದನ್ನು ಜಾರಿಗೆ ತಂದಿತು. 2016ರ ಮೇ 20ರಂದು ಇಲ್ಲಿನ ಉಷ್ಣತೆ 48 ಡಿಗ್ರಿಯನ್ನು ಮುಟ್ಟಿತ್ತು.

ಒಬ್ಬೊಬ್ಬರಿಗೆ ದಿನಕ್ಕೆ 3 ಲೀಟರಿನಂತೆ ನೀರು ಕಾರಿನಲ್ಲಿರಲಿ. ದಾರಿಯಲ್ಲಿ ಶೌಚಾಲಯದ ಅನುಕೂಲ ಇರದೆಂದು ಅನೇಕ ಮಹಿಳೆಯರು ನೀರು ಕುಡಿಯುವುದನ್ನೇ ಬಿಡುವುದುಂಟು. ಇದರಿಂದ ತಲೆಸುತ್ತು, ಮೂತ್ರನಾಳದ ಸೋಂಕು ಉಂಟಾಗಬಹುದು. ಎರಡು ಗಂಟೆಗೊಮ್ಮೆ ಪೆಟ್ರೋಲ್ ಬಂಕಿನಲ್ಲಿ ವಾಹನ ನಿಲ್ಲಿಸುವುದೇ ಇದಕ್ಕೆ ಪರಿಹಾರ.

ಓ.ಆರ್.ಎಸ್. ಪೊಟ್ಟಣಗಳು ನಾಲ್ಕಾರು ಇರಬೇಕು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನೊಬಿಸ್ ಅವರು ಇದೇ ಬಗೆಯ ಉಪ್ಪು-ಸಕ್ಕರೆಯ ದ್ರಾವಣದಿಂದ ಸಹಸ್ರಾರು ಜೀವಗಳನ್ನು ಉಳಿಸಿದರು. ಪೊಟ್ಟಣ ದೊರೆಯದಿದ್ದಲ್ಲಿ ಒಂದು ಲೀಟರು ಶುದ್ಧ ನೀರಿಗೆ 6 ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಬೆರೆಸಬಹುದು. ಚಹದ ಚಮಚೆಯ ಮಟ್ಟದ ಅಳತೆ ಸಾಕು, ಉಪ್ಪು ಹೆಚ್ಚಾಗಕೂಡದು.

ಆಹಾರ

ನಮ್ಮ ಹಿರಿಯರ ಬುತ್ತಿಯ ಹಿಂದೆ ವಿವೇಕವಿತ್ತು. ನೀರಿನಂಶ ಕಡಿಮೆಯಿರುವ ತಿನಿಸು ಬೇಗ ಕೆಡದು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿದ ಅವಲಕ್ಕಿ, ಗುಜರಾತಿನ ಖಾಖ್ರಾ ಇವು ಪ್ರಯಾಣಕ್ಕೆ ಒಪ್ಪುವಂಥವು. ಮೊಸರನ್ನ, ಕಾಯಿಚಟ್ನಿಗಳು ಬಿಸಿಲಿನಲ್ಲಿ ಒಂದೆರಡು ಗಂಟೆಯಲ್ಲೇ ಕೆಡಬಹುದು. ಖಂಡಾಳ ಘಾಟಿಯ ತಿರುವುಗಳಲ್ಲಿ ವಾಂತಿಯಾಗುವ ಮಕ್ಕಳಿಗೆ ಹೊಟ್ಟೆ ತುಂಬ ತಿನ್ನಿಸದಿರುವುದು ಲೇಸು.

ಔಷಧಗಳು

ನಿತ್ಯದ ಮಾತ್ರೆಗಳು ಪ್ರಯಾಣದ ದಿನಗಳಿಗಿಂತ ಒಂದು ವಾರಕ್ಕೆ ಹೆಚ್ಚಾಗಿಯೇ ಇರಲಿ. ಜೊತೆಗೆ ವೈದ್ಯರ ಚೀಟಿಯೂ ಇರಲಿ. ಮಧುಮೇಹಿಗಳು ಇನ್ಸುಲಿನ್ನನ್ನು ಡ್ಯಾಶ್‌ಬೋರ್ಡಿನಲ್ಲಾಗಲೀ ಡಿಕ್ಕಿಯಲ್ಲಾಗಲೀ ಇಡಬಾರದು. ತಂಪು ಚೀಲದಲ್ಲಿ, ಮಂಜುಗಡ್ಡೆಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ ಇಡಬೇಕು; ಹೆಪ್ಪುಗಟ್ಟಿದ ಇನ್ಸುಲಿನ್ ಬಳಕೆಗೆ ಬಾರದು. ಸಕ್ಕರೆಯಂಶ ಇಳಿದರೆಂದು ಗ್ಲೂಕೋಸ್ ಪುಡಿಯೂ ಜೊತೆಗಿರಲಿ. ಹತ್ತಿ, ಬ್ಯಾಂಡೇಜು, ನಂಜುನಿವಾರಕ ಮುಲಾಮು, ಪ್ಯಾರಸಿಟಮಾಲ್, ಕತ್ತರಿ, ಟಾರ್ಚು ಇಷ್ಟು ಪ್ರಥಮ ಚಿಕಿತ್ಸೆಗೆ ಸಾಕು. ವಾಂತಿ, ನೆಗಡಿಗಳ ಅನೇಕ ಮಾತ್ರೆಗಳು ನಿದ್ರೆ ತರಿಸುತ್ತವೆ. ಕಾರು ನಡೆಸುವವರು ಅವನ್ನು ಸೇವಿಸಕೂಡದು. ಗುಜರಾತ್, ಮಹಾರಾಷ್ಟ್ರ, ಕರ್ನಾಟಕ ಮೂರರಲ್ಲೂ ಆಂಬುಲೆನ್ಸಿಗೆ 108, ಹೆದ್ದಾರಿಯ ನೆರವಿಗೆ 1033 ಸಂಖ್ಯೆಗಳನ್ನು ಕಾಗದದ ಮೇಲೆ ಬರೆದಿಡುವುದು ಉತ್ತಮ.

ಬೆಲ್ಟು ಮತ್ತು ನಿದ್ರೆ

2022ರ ಸೆಪ್ಟೆಂಬರ್ 4ರಂದು ಇದೇ ಅಹಮದಾಬಾದ್–ಮುಂಬಯಿ ಹೆದ್ದಾರಿಯಲ್ಲಿ, ಪಾಲ್ಘರ್ ಜಿಲ್ಲೆಯ ಸೂರ್ಯಾ ನದಿಯ ಸೇತುವೆಯ ಮೇಲೆ ಉದ್ಯಮಿ ಸೈರಸ್ ಮಿಸ್ತ್ರಿಯವರು ಅಪಘಾತದಲ್ಲಿ ಮೃತರಾದರು. ಹಿಂದಿನ ಆಸನದಲ್ಲಿದ್ದ ಇಬ್ಬರೂ ಬೆಲ್ಟು ಧರಿಸಿರಲಿಲ್ಲ, ಇಬ್ಬರೂ ಉಳಿಯಲಿಲ್ಲ. ಮುಂದಿನ ಆಸನದ ಇಬ್ಬರು ಗಾಯಗೊಂಡರೂ ಬದುಕಿದರು. ಸಾಮಾನು ಹೇರುವ ಭರದಲ್ಲಿ ಹಿಂದಿನ ಬೆಲ್ಟುಗಳು ಗಂಟುಗಳಡಿ ಹೂತುಹೋಗದಂತೆ ಎಚ್ಚರ ವಹಿಸಬೇಕು. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಮಮತೆಯಾದರೂ ರಕ್ಷಣೆಯಲ್ಲ. ಮಕ್ಕಳ ಆಸನವೇ ಬೇಕು. ನಿಂತ ಕಾರಿನೊಳಗೆ ಬಿಸಿಲಿನಲ್ಲಿ ಹತ್ತೇ ನಿಮಿಷಕ್ಕೆ ಸುಮಾರು 10 ಡಿಗ್ರಿ ಉಷ್ಣತೆ ಏರುವುದರಿಂದ, ಮಗುವನ್ನಾಗಲೀ ವೃದ್ಧರನ್ನಾಗಲೀ ಕ್ಷಣಕಾಲವೂ ಒಳಗೆ ಬಿಟ್ಟು ಹೋಗಕೂಡದು.

ಯಾವ ಚೀಲದಲ್ಲಿಯೂ ಕಟ್ಟಿಕೊಂಡು ಹೋಗಲಾಗದ ವಸ್ತುವೊಂದಿದೆ, ಅದು ನಿದ್ರೆ. ಹೊರಡುವ ಹಿಂದಿನ ರಾತ್ರಿ ನಡುರಾತ್ರಿಯವರೆಗೆ ಗಂಟು ಕಟ್ಟುತ್ತ ಕುಳಿತವರು ಮರುದಿನ ಕಾರು ನಡೆಸಲು ಅರ್ಹರಲ್ಲ. ಗಂಟುಗಳೆಲ್ಲ ಹಿಂದಿನ ಸಂಜೆಯೇ ಸಿದ್ಧವಾಗಲಿ. ವಾಪಿಯಲ್ಲೋ ಪುಣೆಯಲ್ಲೋ ಒಂದು ರಾತ್ರಿ ತಂಗುವ ಏರ್ಪಾಡಾಗಲಿ. ಊರಿನಲ್ಲಿ ಬಾಗಿಲು ಕಾಯುವ ಹಿರಿಯರಿಗೆ ಮಾವಿನ ಪೆಟ್ಟಿಗೆ ಒಂದು ದಿನ ತಡವಾಗಿ ತಲುಪಿದರೆ ಬೇಸರವಿಲ್ಲ. ಮಕ್ಕಳು ಮೊಮ್ಮಕ್ಕಳು ಕ್ಷೇಮವಾಗಿ ಬಂದಿಳಿದರೆ ಸಾಕು.