ದಫ್ ಹಿಡಿದು ಪರದೇಶಕ್ಕೆ

ದಫ್ ನಮ್ಮಲ್ಲಿ ಅನೇಕರಿಗೆ ಹೊಸತಲ್ಲ. ಬ್ಯಾರಿ ಮದುವೆ ಮನೆಗಳಲ್ಲಿ, ಮೀಲಾದ್ ಕಾರ್ಯಕ್ರಮಗಳಲ್ಲಿ ಅದರ ಸದ್ದು ಕೇಳಿ ಬೆಳೆದವರು ನಾವು. ದುಂಡನೆಯ ಮರದ ಚೌಕಟ್ಟಿನ ಒಂದು ಬದಿಗೆ ಆಡಿನ ತೊಗಲು ಬಿಗಿದರೆ ದಫ್ ಆಯಿತು. ಬಾರಿಸಲು ಕೋಲು ಬೇಕಿಲ್ಲ, ಕೈ ಸಾಕು. ಕಳೆದ ರಜೆಯಲ್ಲಿ ಶಾರ್ಜಾದಲ್ಲಿರುವ ಮಾಮನ ಮನೆಗೆ ಹೋಗುವಾಗ ಅಜ್ಜನ ದಫ್ ಒಯ್ದಿದ್ದೆ. ಪರಿಚಯವಿಲ್ಲದವರೊಂದಿಗೆ ಒಂದು ವಾದ್ಯವನ್ನು ಹಂಚಿಕೊಳ್ಳುವುದು ಹೇಗೆಂದು ಅಲ್ಲಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪ್ರಯಾಣದ ವಿಷಯ. ತೊಗಲು ಗಾಳಿಯ ತೇವವನ್ನು ಹೀರಿದರೆ ಸಡಿಲವಾಗಿ ದನಿ ತಗ್ಗುತ್ತದೆ. ಒಣಗಿದರೆ ಬಿಗಿಯಾಗಿ ದನಿ ಏರುತ್ತದೆ. ವಿಮಾನದೊಳಗಿನ ಗಾಳಿ ತುಂಬಾ ಒಣ. ಆದ್ದರಿಂದ ದಫ್ಫನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಬಾರಿಸುವ ಮೊದಲು ಅಲ್ಲಿನ ಹವೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬಿಡಬೇಕು. ಆಸ್ಟ್ರೇಲಿಯಾದಂತಹ ದೇಶಕ್ಕೆ ಹೋಗುವವರು ತೊಗಲಿನ ವಾದ್ಯ ತಂದಿರುವುದನ್ನು ವಿಮಾನ ನಿಲ್ದಾಣದಲ್ಲಿ ಕಡ್ಡಾಯವಾಗಿ ತಿಳಿಸಬೇಕು.

ಎರಡನೆಯದು, ಬಾರಿಸಿ ತೋರಿಸುವುದಕ್ಕಿಂತ ಕೈಗೆ ಕೊಡುವುದು ಮುಖ್ಯ. ಮಾಮನ ಕಟ್ಟಡದ ಕೆಳಗೆ ಸಂಜೆ ಹಲವು ದೇಶದವರು ಕೂರುತ್ತಿದ್ದರು. ನಾನು ಬಾರಿಸಿದಾಗ ಅವರು ಕೇಳಿ ನಕ್ಕರು, ಅಷ್ಟೇ. ಮೊರಾಕೋದ ಒಬ್ಬರ ಕೈಗೆ ದಫ್ ಕೊಟ್ಟಾಗ ಮಾತು ಶುರುವಾಯಿತು. ಅವರ ಹೆಬ್ಬೆರಳು ಚೌಕಟ್ಟಿನಲ್ಲಿ ತೂತು ಹುಡುಕಿತು. ಅವರ ಊರಿನ ಬೆಂದಿರ್ ವಾದ್ಯಕ್ಕೆ ಹೆಬ್ಬೆರಳು ತೂರಿಸಲು ತೂತು ಇರುತ್ತದಂತೆ. ತೊಗಲಿನ ಹಿಂಬದಿಗೆ ತಂತಿ ಎಳೆದಿರುವುದರಿಂದ ಅದು ಝೇಂಕರಿಸುತ್ತದೆ. ಈಜಿಪ್ಟಿನವರು ತಮ್ಮ ರಿಕ್ ವಾದ್ಯದ ಪುಟ್ಟ ತಾಳಗಳ ಬಗ್ಗೆ ಹೇಳಿದರು. ಇರಾನಿನ ದಫ್‌ಗೆ ಒಳಗೆ ಲೋಹದ ಬಳೆಗಳಿರುತ್ತವೆ. ಮಲೇಷ್ಯಾದ ಕೊಂಪಾಂಗ್ ಕೂಡ ಇದೇ ಬಳಗದ್ದು. ದಫ್ ಎಂಬುದು ಅರಬಿ ಪದವಾದ್ದರಿಂದ ಅಲ್ಲಿ ಹೆಸರನ್ನು ಯಾರಿಗೂ ವಿವರಿಸಬೇಕಾಗಲಿಲ್ಲ.

ಮೂರನೆಯದು, ಗೊತ್ತಿಲ್ಲದವರಿಗೆ ಎರಡೇ ಸದ್ದು ಕಲಿಸಿ. ನಡುವಿಗೆ ಹೊಡೆದರೆ ಇಡೀ ತೊಗಲು ಒಟ್ಟಿಗೆ ಅದುರಿ 'ದುಂ' ಎಂಬ ತಗ್ಗಿನ ದನಿ ಬರುತ್ತದೆ. ಅಂಚಿಗೆ ಹೊಡೆದರೆ ತೊಗಲು ಸಣ್ಣ ಸಣ್ಣ ಭಾಗಗಳಾಗಿ ಅದುರಿ 'ತಕ್' ಎಂಬ ಚುರುಕು ದನಿ. ಒಬ್ಬರು ಚಪ್ಪಾಳೆಯಲ್ಲಿ ಲಯ ಹಿಡಿದರೆ ಇನ್ನೊಬ್ಬರು ನಡುವಿನ ಖಾಲಿ ಜಾಗ ತುಂಬಬಹುದು. ಅದಕ್ಕೆ ಭಾಷೆ ಬೇಡ. ಕೆಲವರಿಗೆ ವಾದ್ಯ ಮುಟ್ಟಲು ಇಷ್ಟವಿರುವುದಿಲ್ಲ, ಅವರನ್ನು ಒತ್ತಾಯಿಸಬಾರದು. ಕೇಳದೆ ಯಾರ ವಿಡಿಯೊವನ್ನೂ ತೆಗೆಯಬಾರದು. ಅಝಾನ್ ಕೇಳಿದಾಗ ಯಾರೂ ಹೇಳದೆಯೇ ಎಲ್ಲರ ಕೈ ನಿಂತಿತು.

ಹೊರಡುವ ಮುನ್ನಾದಿನ ಆ ಮೊರಾಕೋದವರು, "ಊರಲ್ಲಿ ನಿನ್ನ ಜೊತೆ ಯಾರು ಬಾರಿಸುತ್ತಾರೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಜ್ಜನ ತಂಡದಲ್ಲಿ ಒಮ್ಮೆ ಹತ್ತು ಮಂದಿ ಇದ್ದರು. ಈಗ ಬಾರಿಸುವವರು ಯಾರೂ ಉಳಿದಿಲ್ಲ. ನಮ್ಮ ಕಡೆಯ ಮದುವೆಗಳಲ್ಲಿ ಹಾಡು ಹೆಚ್ಚಾಗಿ ಸ್ಪೀಕರಿನಿಂದ ಬರುತ್ತದೆ. ಆದರೆ ದಫ್ ಗುಂಪಿನ ವಾದ್ಯ. ಹಲವು ಕೈಗಳು ಒಂದೇ ಲಯಕ್ಕೆ ಬಿದ್ದಾಗಲೇ ಅದರ ಚೆಂದ ತಿಳಿಯುವುದು.

ಮದ್ರಸದಲ್ಲಿ ದಫ್ ಕಲಿತವರು ನಮ್ಮ ತರಗತಿಗಳಲ್ಲೇ ಇದ್ದಾರೆಂದು ನನಗೆ ಗೊತ್ತು. ಶನಿವಾರ ತರಗತಿ ಮುಗಿದ ಮೇಲೆ ಮೈದಾನದ ಬಳಿ ಬನ್ನಿ. ಒಂದು ದಫ್ ನನ್ನಲ್ಲಿದೆ. ಬಾರಿಸಲು ಬಾರದವರೂ ಬರಬಹುದು. ಎರಡು ಸದ್ದು ಕಲಿಯಲು ಹೆಚ್ಚು ಹೊತ್ತು ಬೇಕಿಲ್ಲ.