ಪಿಟೀಲು ಕಿರುಚಿದ ಸ್ನಾನದ ಮನೆ

ಸ್ನಾನದ ಮನೆಯ ದೃಶ್ಯಕ್ಕೆ ಸಂಗೀತ ಬೇಡ. ‘ಸೈಕೊ’ ಚಿತ್ರದ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ತಮ್ಮ ಸಂಗೀತ ಸಂಯೋಜಕ ಬರ್ನಾರ್ಡ್ ಹರ್ಮನ್ ಅವರಿಗೆ ಹೀಗೆಂದು ಹೇಳಿದ್ದರು. ಷವರಿನಿಂದ ನೀರು ಸುರಿಯುವ ಸದ್ದು, ಹೆಣ್ಣಿನ ಚೀರಾಟ, ಚಾಕು ಇಳಿಯುವ ಸಪ್ಪಳ, ಇಷ್ಟಿದ್ದರೆ ಸಾಕು ಎಂಬುದು ಅವರ ಲೆಕ್ಕ. ಚಾಕುವಿನ ಸಪ್ಪಳಕ್ಕಾಗಿ ಬಗೆಬಗೆಯ ಕರಬೂಜಗಳನ್ನು ತರಿಸಿ, ಒಂದೊಂದನ್ನೂ ಇರಿಸಿ ಕೇಳಿ, ಕಡೆಗೆ ಕಸಾಬಾ ಎಂಬ ಜಾತಿಯ ಹಣ್ಣನ್ನು ಆರಿಸಿದ್ದೂ ಆಗಿತ್ತು.

ಹರ್ಮನ್ ಮಾತು ಕೇಳಲಿಲ್ಲ. ಪಿಟೀಲುಗಳನ್ನು ಅವುಗಳ ಎತ್ತರದ ಸ್ಥಾಯಿಯಲ್ಲಿ ಕಿರುಚಿಸುವ ಒಂದು ತುಣುಕು ಬರೆದಿಟ್ಟುಕೊಂಡರು. ದೃಶ್ಯವನ್ನು ಮೊದಲು ಸಂಗೀತವಿಲ್ಲದೆ, ಆಮೇಲೆ ಸಂಗೀತದೊಂದಿಗೆ ತೋರಿಸಿದಾಗ ಹಿಚ್‌ಕಾಕ್ ತಮ್ಮ ಸಲಹೆಯನ್ನು ತಾವೇ ಹಿಂತೆಗೆದುಕೊಂಡರು. ಸಸ್ಪೆನ್ಸ್ ಚಿತ್ರಗಳ ಚರಿತ್ರೆಯಲ್ಲಿ ಅತಿ ಹೆಚ್ಚು ಅನುಕರಣೆಗೆ ಒಳಗಾದ ಹಿನ್ನೆಲೆ ಸಂಗೀತ ಹುಟ್ಟಿದ್ದು ಹೀಗೆ, ನಿರ್ದೇಶಕರ ಮಾತು ಮೀರಿ. ಅದು 1960.

ಹಾಗೆಂದು ಹಿಚ್‌ಕಾಕ್ ಮೌನ ಕೇಳಿದ್ದು ಬರೀ ಹಠಕ್ಕಲ್ಲ. ಸದ್ದಿಲ್ಲದೆ ಹೆದರಿಸುವುದು ಹೇಗೆಂದು ಸಿನಿಮಾ ಅಷ್ಟರಲ್ಲಿ ಮೂವತ್ತು ವರ್ಷಗಳಿಂದ ಕಲಿಯುತ್ತಲೇ ಬಂದಿತ್ತು. ವಿಚಿತ್ರವೆಂದರೆ, ಆ ಕಲಿಕೆ ಶುರುವಾದದ್ದು ಮೂಕಿ ಚಿತ್ರಗಳ ಕಾಲದಲ್ಲಲ್ಲ. ಮೂಕಿ ಚಿತ್ರಗಳು ಹೆಸರಿಗಷ್ಟೇ ಮೂಕ. ಅಲ್ಲಿ ಪಿಯಾನೊ, ಇಲ್ಲಿ ಹಾರ್ಮೋನಿಯಂ ಮತ್ತು ತಬಲಾ, ದೊಡ್ಡ ಊರಿನ ದೊಡ್ಡ ಚಿತ್ರಮಂದಿರವಾದರೆ ಇಡೀ ವಾದ್ಯವೃಂದ. ರೀಲು ಓಡುತ್ತಿದ್ದಷ್ಟು ಹೊತ್ತೂ ಸಂಗೀತ ನಿಲ್ಲುವಂತಿರಲಿಲ್ಲ. ಯಾವ ಸನ್ನಿವೇಶಕ್ಕೆ ಯಾವ ತುಣುಕು ನುಡಿಸಬೇಕೆಂದು ಹೇಳಿಕೊಡುವ ಪುಸ್ತಕಗಳೇ ಮಾರಾಟಕ್ಕಿದ್ದವು. ಎರ್ನೊ ರಾಪೆ 1924ರಲ್ಲಿ ನ್ಯೂಯಾರ್ಕ್‌ನಲ್ಲಿ ಹೊರತಂದ ಸಂಕಲನವು 52 ಬಗೆಯ ಭಾವ-ಸನ್ನಿವೇಶಗಳಿಗೆ ಸಂಗೀತ ಒದಗಿಸುತ್ತಿತ್ತು. ಪ್ರತಿ ಪುಟದ ಅಂಚಿನಲ್ಲೂ ವಿಷಯಸೂಚಿ. ಪರದೆಯ ಮೇಲೆ ಕಣ್ಣಿಟ್ಟಿದ್ದ ವಾದಕ ಥಟ್ಟನೆ ಪುಟ ತಿರುವಿ ‘ಭಯ’ಕ್ಕೋ ‘ಬೆನ್ನಟ್ಟುವಿಕೆ’ಗೋ ಜಿಗಿಯಬಹುದಿತ್ತು. ಸುಮ್ಮನಿರಬೇಕಾದ ಸನ್ನಿವೇಶಕ್ಕೆ ಮಾತ್ರ ಅಂಥ ಪುಸ್ತಕಗಳಲ್ಲಿ ಜಾಗವಿರಲಿಲ್ಲ. ವಾದಕ ಕೈಕಟ್ಟಿ ಕುಳಿತರೆ ಪ್ರೇಕ್ಷಕರಿಗೆ ಕೇಳಿಸುತ್ತಿದ್ದುದು ಪ್ರೊಜೆಕ್ಟರಿನ ಕಟಕಟ, ಪಕ್ಕದವರ ಕೆಮ್ಮು.

ಧ್ವನಿಪಥ ಬಂದ ಮೇಲಷ್ಟೇ ನಿಶ್ಶಬ್ದವೂ ನಿರ್ದೇಶಕರ ಕೈಗೆ ಬಂತು. ಅದನ್ನು ಮೊದಲು ಚೆನ್ನಾಗಿ ಬಳಸಿದವರಲ್ಲಿ ಜರ್ಮನಿಯ ಫ್ರಿಟ್ಸ್ ಲಾಂಗ್ ಒಬ್ಬರು. 1931ರ ‘ಎಂ’ ಅವರ ಮೊದಲ ಟಾಕಿ. ಮಕ್ಕಳನ್ನು ಕೊಲ್ಲುವವನೊಬ್ಬನ ಬೇಟೆಯ ಕಥೆ. ಚಿತ್ರಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ಇರುವುದು ಕೊಲೆಗಾರ ಹಾಕುವ ಶಿಳ್ಳೆ ಮಾತ್ರ, ನಾರ್ವೆಯ ಸಂಗೀತಗಾರ ಗ್ರೀಗ್ ‘ಪೇರ್ ಗಿಂಟ್’ ನಾಟಕಕ್ಕೆ ಬರೆದ ಒಂದು ಧಾಟಿ. ಅವನ ಮುಖ ಕಾಣುವ ಮೊದಲೇ ಶಿಳ್ಳೆ ಕೇಳುತ್ತದೆ. ಆಮೇಲೆ ಅದು ಕೇಳಿದಾಗಲೆಲ್ಲ ಪ್ರೇಕ್ಷಕರ ಎದೆ ಢವಢವ. ಕಡೆಗೆ ಅವನನ್ನು ಗುರುತಿಸುವವನೂ ಕಣ್ಣಿಲ್ಲದ ಬಲೂನು ಮಾರುವವನೇ, ಆ ಶಿಳ್ಳೆಯಿಂದಲೇ. ಪಾತ್ರ ಮಾಡಿದ ಪೀಟರ್ ಲೋರೆಗೆ ಶಿಳ್ಳೆ ಹಾಕಲು ಬರುತ್ತಿರಲಿಲ್ಲ ಎಂಬುದು ಚಿತ್ರರಸಿಕರಿಗೆ ಪ್ರಿಯವಾದ ಸಂಗತಿ.

ಆ ಚಿತ್ರದಲ್ಲಿ ಶಿಳ್ಳೆಗಿಂತಲೂ ಭೀಕರವಾದದ್ದು ಇನ್ನೊಂದಿದೆ. ಶಾಲೆಯಿಂದ ಬರಬೇಕಾದ ಮಗಳಿಗಾಗಿ ತಾಯಿ ಊಟ ಬಡಿಸಲು ಕಾಯುತ್ತಾಳೆ. ಹೊತ್ತು ಮೀರುತ್ತದೆ. ‘ಎಲ್ಸೀ’ ಎಂದು ಕೂಗುತ್ತಾಳೆ. ಆ ಕೂಗಿನ ಮೇಲೆ ಖಾಲಿ ಮೆಟ್ಟಿಲುಸಾಲು, ಬಟ್ಟೆ ಒಣಹಾಕಿದ ಖಾಲಿ ಅಟ್ಟ, ಮೇಜಿನ ಮೇಲೆ ಮುಟ್ಟದ ತಟ್ಟೆ. ಬಳಿಕ ಕೂಗೂ ನಿಲ್ಲುತ್ತದೆ. ಪೊದೆಯಿಂದ ಚೆಂಡೊಂದು ಉರುಳಿ ಬರುತ್ತದೆ, ಬಲೂನು ತಂತಿಗೆ ಸಿಕ್ಕಿಕೊಳ್ಳುತ್ತದೆ. ಕೊಲೆಯನ್ನು ಲಾಂಗ್ ತೋರಿಸಲೂ ಇಲ್ಲ, ಕೇಳಿಸಲೂ ಇಲ್ಲ. ಇಲ್ಲೊಂದು ಪಿಟೀಲು ಅತ್ತಿದ್ದರೂ ದೃಶ್ಯ ಕೆಡುತ್ತಿತ್ತು.

ಹಾಲಿವುಡ್‌ನಲ್ಲಿ ಗಾಳಿ ಬೀಸಿದ್ದು ಬೇರೆ ದಿಕ್ಕಿಗೆ. 1930ರ ದಶಕದ ನಡುವಿನ ಹೊತ್ತಿಗೆ ಅಲ್ಲಿ ಹಿನ್ನೆಲೆ ಸಂಗೀತ ಎಡೆಬಿಡದೆ ಹರಿಯತೊಡಗಿತು. ನಾಯಕ ಮೆಟ್ಟಿಲು ಹತ್ತಿದರೆ ಸ್ವರವೂ ಹತ್ತಬೇಕು. ಈ ಹೊಳೆಗೆ ಅಡ್ಡ ಈಜಿದ್ದು ದುಡ್ಡಿಲ್ಲದವರು. 1942ರಲ್ಲಿ ಆರ್‌ಕೆಒ ಸಂಸ್ಥೆಗಾಗಿ ನಿರ್ಮಾಪಕ ವಾಲ್ ಲ್ಯೂಟನ್ ಮತ್ತು ನಿರ್ದೇಶಕ ಜಾಕ್ ಟೂರ್ನರ್ ಸಣ್ಣ ಬಜೆಟ್ಟಿನಲ್ಲಿ ‘ಕ್ಯಾಟ್ ಪೀಪಲ್’ ಮಾಡಿದರು. ರಾತ್ರಿ, ಉದ್ಯಾನದ ಪಕ್ಕದ ರಸ್ತೆ, ಒಬ್ಬಳೇ ನಡೆಯುವ ಹೆಣ್ಣು. ಅವಳ ಹಿಂದೆ ಚಿರತೆಯಾಗಬಲ್ಲ ಇನ್ನೊಬ್ಬಳ ಹೆಜ್ಜೆ. ಎರಡು ಜೊತೆ ಹೈಹೀಲ್ಡ್ ಚಪ್ಪಲಿಗಳ ಟಕಟಕ. ಒಂದು ಜೊತೆಯ ಸದ್ದು ನಿಂತುಬಿಡುತ್ತದೆ. ಕಪ್ಪು ಚಿರತೆ ಈಗ ಎರಗಿತು ಎನ್ನುವಷ್ಟರಲ್ಲಿ ಬುಸ್ಸೆಂದು ಪರದೆಗೆ ನುಗ್ಗುವುದು ಬಸ್ಸು, ಅದರ ಬ್ರೇಕಿನ ಗಾಳಿ. ಇಂಥ ಹುಸಿ ಬೆಚ್ಚುವಿಕೆಗೆ ಚಿತ್ರರಂಗದಲ್ಲಿ ಇವತ್ತಿಗೂ ‘ಲ್ಯೂಟನ್ ಬಸ್’ ಎಂದೇ ಹೆಸರು. ಬೆಕ್ಕು ಹಾರಿ ಬೆಚ್ಚಿಸುವ ನಮ್ಮ ದೆವ್ವದ ಚಿತ್ರಗಳೆಲ್ಲ ಈ ಬಸ್ಸಿನ ಪ್ರಯಾಣಿಕರೇ.

ಹಿಚ್‌ಕಾಕ್‌ಗೂ ಈ ಪ್ರಶ್ನೆ ಕಾಡುತ್ತಿತ್ತು. 1944ರ ‘ಲೈಫ್‌ಬೋಟ್’ ಇಡೀ ನಡೆಯುವುದು ಸಮುದ್ರದ ನಡುವಿನ ಒಂದು ದೋಣಿಯಲ್ಲಿ. ನಡುಗಡಲಲ್ಲಿ ಸಂಗೀತ ಎಲ್ಲಿಂದ ಬರಬೇಕು ಎಂದು ಅವರು ಕೇಳಿದರಂತೆ. ಕ್ಯಾಮೆರಾ ಎಲ್ಲಿಂದ ಬಂತೆಂದು ಅವರು ಹೇಳಲಿ, ಸಂಗೀತ ಎಲ್ಲಿಂದ ಬಂತೆಂದು ನಾನು ಹೇಳುತ್ತೇನೆ ಎಂದು ಸಂಗೀತ ಸಂಯೋಜಕ ಡೇವಿಡ್ ರ‍್ಯಾಕ್ಸಿನ್ ಮಾರುತ್ತರ ಕೊಟ್ಟರೆಂಬ ಕಥೆ ಪ್ರಸಿದ್ಧ. ಮಾತಿನಲ್ಲಿ ಗೆದ್ದದ್ದು ರ‍್ಯಾಕ್ಸಿನ್, ಚಿತ್ರದಲ್ಲಿ ಹಿಚ್‌ಕಾಕ್: ಸಂಗೀತ ಇರುವುದು ಬಹುಪಾಲು ಮೊದಲಿಗೆ ಮತ್ತು ಕೊನೆಗೆ ಮಾತ್ರ.

ಮೌನದ ಪಕ್ಷಕ್ಕೆ ದೊಡ್ಡ ಗೆಲುವು ಬಂದದ್ದು ಪ್ಯಾರಿಸ್‌ನಲ್ಲಿ, 1955ರಲ್ಲಿ. ಹಾಲಿವುಡ್‌ನ ಕಪ್ಪುಪಟ್ಟಿಗೆ ಸಿಕ್ಕಿ ಯುರೋಪಿಗೆ ಬಂದಿದ್ದ ಜ್ಯೂಲ್ಸ್ ಡ್ಯಾಸಿನ್ ಅಲ್ಲಿ ‘ರಿಫಿಫಿ’ ಎಂಬ ಕಳ್ಳತನದ ಕಥೆ ತೆಗೆದರು. ನಾಲ್ವರು ಸೇರಿ ಒಡವೆ ಅಂಗಡಿ ದೋಚಬೇಕು. ಮೇಲಿನ ಮನೆಯ ನೆಲ ಕೊರೆದು ಇಳಿಯುತ್ತಾರೆ. ತೂತಿನಿಂದ ಛತ್ರಿಯೊಂದನ್ನು ಇಳಿಸಿ, ಬಿಚ್ಚಿ, ಉದುರುವ ಗಾರೆಯನ್ನೆಲ್ಲ ಅದರಲ್ಲೇ ಹಿಡಿಯುತ್ತಾರೆ. ಅಲಾರಾಂ ಬಾಯಿಗೆ ಬೆಂಕಿ ಆರಿಸುವ ನೊರೆ ತುಂಬುತ್ತಾರೆ. ಸುಮಾರು ಅರ್ಧ ಗಂಟೆ ಒಂದು ಮಾತಿಲ್ಲ, ಒಂದು ಸ್ವರವಿಲ್ಲ. ಸಂಯೋಜಕ ಜಾರ್ಜ್ ಓರಿಕ್ ಇಷ್ಟುದ್ದದ ದೃಶ್ಯಕ್ಕೆ ಸಂಗೀತ ಬೇಕೇ ಬೇಕೆಂದು ಹಟ ಹಿಡಿದು ಬರೆದೂ ಬರೆದರು. ಡ್ಯಾಸಿನ್ ಅವರಿಗೆ ಸಂಗೀತವಿರುವ ಪ್ರತಿ, ಇಲ್ಲದ ಪ್ರತಿ ಎರಡನ್ನೂ ತೋರಿಸಿದರು. ಬೇಡ, ಹಾಗೇ ಬಿಡಿ ಎಂದವರು ಓರಿಕ್ ಅವರೇ. ತಾನು ಬರೆದದ್ದನ್ನು ತಾನೇ ತೆಗೆಸಿದ ಸಂಯೋಜಕನಿಗೆ ಇಲ್ಲೊಂದು ನಮಸ್ಕಾರ ಹೇಳಲೇಬೇಕು.

ಹರ್ಮನ್ ಬಂದ ದಾರಿ ಬೇರೆ. 1911ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಅವರು ಸಿಬಿಎಸ್ ರೇಡಿಯೊದಲ್ಲಿ ಪಳಗಿದವರು. ಆರ್ಸನ್ ವೆಲ್ಸ್ ಜೊತೆ ರೇಡಿಯೊ ನಾಟಕ ಮಾಡಿ, ಅವರ ‘ಸಿಟಿಜನ್ ಕೇನ್’ (1941) ಮೂಲಕ ಸಿನಿಮಾಕ್ಕೆ ಬಂದರು. ರೇಡಿಯೊ ನಾಟಕದಲ್ಲಿ ಉದ್ದುದ್ದ ರಾಗಾಲಾಪಕ್ಕೆ ವೇಳೆಯಿಲ್ಲ. ನಾಲ್ಕು ಸೆಕೆಂಡಿನಲ್ಲಿ ಬಾಗಿಲು ತೆರೆಯಬೇಕು, ಗಾಳಿ ಬೀಸಬೇಕು, ಕೇಳುಗ ಹೆದರಬೇಕು. ಹರ್ಮನ್ ಅವರ ಪುಟ್ಟ ಪುಟ್ಟ, ಮತ್ತೆ ಮತ್ತೆ ಮರಳುವ ಸ್ವರಗುಚ್ಛಗಳಲ್ಲಿ ಈ ರೇಡಿಯೊ ಅಭ್ಯಾಸ ಎದ್ದು ಕಾಣುತ್ತದೆ. ಎಲ್ಲಿ ಸುಮ್ಮನಿರಬೇಕೆಂಬುದೂ ಅವರಿಗೆ ಗೊತ್ತಿತ್ತು. 1959ರ ‘ನಾರ್ತ್ ಬೈ ನಾರ್ತ್‌ವೆಸ್ಟ್’ನಲ್ಲಿ ಬಟಾಬಯಲಿನಲ್ಲಿ ನಿಂತ ಕೇರಿ ಗ್ರಾಂಟ್ ಮೇಲೆ ಔಷಧಿ ಸಿಂಪಡಿಸುವ ವಿಮಾನ ಎರಗುವಾಗ ಎಂಜಿನ್ ಸದ್ದು ಬಿಟ್ಟರೆ ಬೇರೇನಿಲ್ಲ. ವಿಮಾನ ಟ್ಯಾಂಕರಿಗೆ ಬಡಿದು ಸ್ಫೋಟಿಸಿದ ಮೇಲೆ ವಾದ್ಯವೃಂದ ಬಾಯಿ ತೆರೆಯುತ್ತದೆ.

‘ಸೈಕೊ’ ಕಪ್ಪುಬಿಳುಪು ಚಿತ್ರ, ಖರ್ಚು ಸುಮಾರು 8 ಲಕ್ಷ ಡಾಲರ್, ತಂತ್ರಜ್ಞರಲ್ಲಿ ಬಹಳ ಮಂದಿ ಹಿಚ್‌ಕಾಕ್‌ರ ಟಿವಿ ಸರಣಿಯವರು. ಹರ್ಮನ್ ತುತ್ತೂರಿ, ಕೊಳಲು, ಡ್ರಮ್ಮುಗಳನ್ನೆಲ್ಲ ಕೈಬಿಟ್ಟು ಬರೀ ತಂತಿವಾದ್ಯ ಇಟ್ಟುಕೊಂಡರು. ಚಿತ್ರದಲ್ಲಿ ಬಣ್ಣವಿಲ್ಲದಿದ್ದರೆ ಸಂಗೀತದಲ್ಲೂ ಬೇಡ ಎಂಬುದು ಅವರ ನಿಲುವು. ನಾಯಕಿ ಮೇರಿಯನ್ ಕದ್ದ ಹಣದೊಂದಿಗೆ ಕಾರು ಓಡಿಸುವ ಉದ್ದನೆಯ ಭಾಗ ನೋಡಿ. ಪರದೆಯ ಮೇಲಿರುವುದು ಒಂದು ಮುಖ, ಸ್ಟಿಯರಿಂಗ್, ಮಳೆ, ವೈಪರ್. ಯಾವ ಅಪಾಯವೂ ಕಾಣುವುದಿಲ್ಲ. ಏನೋ ಕೆಟ್ಟದ್ದು ಕಾದಿದೆ ಎಂದು ಹೇಳುವುದು ಪಿಟೀಲುಗಳೊಂದೇ.

ಇನ್ನು ಆ ದೃಶ್ಯ. ಚಿತ್ರೀಕರಣಕ್ಕೆ 7 ದಿನ ಹಿಡಿಯಿತು. ಜನರ ನೆನಪಿನಲ್ಲಿ ಅದು ಮೊದಲಿಂದ ಕೊನೆಯವರೆಗೂ ಕಿರುಚುವ ಪಿಟೀಲೇ. ಆದರೆ ಗಮನವಿಟ್ಟು ಕೇಳಿದರೆ ಹಾಗಿಲ್ಲ. ಮೇರಿಯನ್ ಸ್ನಾನದ ಮನೆ ಹೊಕ್ಕು, ಸೋಪಿನ ಕಾಗದ ಬಿಚ್ಚಿ, ಷವರ್ ತಿರುಗಿಸಿ ನೀರಿಗೆ ಮುಖವೊಡ್ಡುವಾಗ ಸಂಗೀತವಿಲ್ಲ. ಪರದೆಯ ಹಿಂದೆ ನೆರಳು ಬೆಳೆಯುವಾಗಲೂ ಇಲ್ಲ. ಮಾಮೂಲಿ ಚಿತ್ರವಾಗಿದ್ದರೆ ಇಲ್ಲೊಂದು ಗುಡುಗುಡು ಶುರುವಾಗಿ ನಮಗೆ ಮುನ್ಸೂಚನೆ ಕೊಡುತ್ತಿತ್ತು. ಹರ್ಮನ್ ಆ ದಯೆ ತೋರಲಿಲ್ಲ. ಷವರಿನ ಪರದೆ ಸರಕ್ಕನೆ ಸರಿದ ಕ್ಷಣವೇ ಪಿಟೀಲುಗಳು ಕಿರುಚುತ್ತವೆ. ಚಿತ್ರದುದ್ದಕ್ಕೂ ಸದ್ದಡಗಿಸುವ ಮ್ಯೂಟ್ ಹಾಕಿಕೊಂಡೇ ನುಡಿದ ತಂತಿಗಳು ಈ ಕೊಲೆಗೆಂದು ಅದನ್ನು ಕಳಚುತ್ತವೆ. ಕೊಲೆಗಾರ ಹೊರನಡೆದ ಮೇಲೆ ಸ್ವರ ಕೆಳಕ್ಕೆ, ಚೆಲ್ಲೊ-ಬಾಸ್‌ಗಳ ಭಾರಕ್ಕೆ ಇಳಿದು, ನಿಲ್ಲುತ್ತದೆ. ಬಳಿಕ ಮತ್ತೆ ನೀರಿನ ಸದ್ದೊಂದೇ. ಕ್ಯಾಮೆರಾ ಸತ್ತವಳ ಕಣ್ಣಿನಿಂದ ಹಿಂದೆ ಸರಿಯುತ್ತದೆ. ಹಿಚ್‌ಕಾಕ್ ಕೇಳಿದ್ದ ಮೌನ ಚಿತ್ರದಲ್ಲಿ ಉಳಿದೇ ಇದೆ, ಕೊಲೆಯ ಹಿಂದೆ ಮತ್ತು ಮುಂದೆ.

ಮೂರು ವರ್ಷದ ನಂತರ ‘ದಿ ಬರ್ಡ್ಸ್’ನಲ್ಲಿ ಇಬ್ಬರೂ ಸೇರಿ ಸಂಗೀತವನ್ನೇ ಹೊರಹಾಕಿದರು. ಹಕ್ಕಿಗಳ ಚೀರಾಟವನ್ನು ಆಸ್ಕರ್ ಸಾಲಾ ಟ್ರಾಟೋನಿಯಂ ಎಂಬ ವಿದ್ಯುತ್ ವಾದ್ಯದಲ್ಲಿ ಸೃಷ್ಟಿಸಿದರು. ಹರ್ಮನ್ ಧ್ವನಿ ಸಲಹೆಗಾರ. ಶಾಲೆಯ ಹೊರಗೆ ನಾಯಕಿ ಸಿಗರೇಟು ಸೇದುತ್ತ ಕೂತಿರುವಾಗ ಒಳಗೆ ಮಕ್ಕಳು ಮುಗಿಯದ ಹಾಡೊಂದನ್ನು ಹಾಡುತ್ತಾರೆ. ಬೆನ್ನ ಹಿಂದೆ ಕಾಗೆಗಳು ಒಂದೊಂದಾಗಿ ಬಂದು ಕೂರುತ್ತವೆ. ಹಾಡು ಮುಗಿದರೆ ಮಕ್ಕಳು ಹೊರಬರುತ್ತಾರೆ ಎಂಬುದೇ ಅಲ್ಲಿನ ಆತಂಕ.

ಜೋಡಿ ಮುರಿದದ್ದು 1966ರಲ್ಲಿ, ‘ಟಾರ್ನ್ ಕರ್ಟನ್’ ಧ್ವನಿಮುದ್ರಣದಲ್ಲಿ. ಸ್ಟುಡಿಯೊದವರಿಗೆ ಜನ ಗುನುಗುವಂಥ ಹೊಸ ಕಾಲದ ಸಂಗೀತ ಬೇಕಿತ್ತು. ಹರ್ಮನ್ 12 ಕೊಳಲು, 16 ಹಾರ್ನ್ ಕೂರಿಸಿ ಪಿಟೀಲೇ ಇಲ್ಲದ ಭಾರೀ ಸಂಗೀತ ಬರೆದು ತಂದರು. ಹಳ್ಳಿಮನೆಯ ಕೊಲೆಗೆ ಸಂಗೀತ ಬೇಡವೆಂದು ಹಿಚ್‌ಕಾಕ್ ಹೇಳಿದ್ದರೂ ಅದಕ್ಕೂ ಬರೆದಿದ್ದರು. ‘ಸೈಕೊ’ದಲ್ಲಿ ಫಲಿಸಿದ್ದು ಇಲ್ಲೂ ಫಲಿಸೀತೆಂದು ನಂಬಿದ್ದಿರಬೇಕು. ಈ ಸಲ ಹಿಚ್‌ಕಾಕ್ ಧ್ವನಿಮುದ್ರಣ ನಿಲ್ಲಿಸಿದರು. ಹೊಸ ಸಂಗೀತ ಜಾನ್ ಆಡಿಸನ್ ಕೊಟ್ಟರು, ಕೊಲೆ ಮೌನವಾಗಿಯೇ ಉಳಿಯಿತು. ಹೊರಗೆ ಟ್ಯಾಕ್ಸಿಯವನಿದ್ದಾನೆ, ಗುಂಡು ಹಾರಿಸುವಂತಿಲ್ಲ. ಚಾಕು, ಸಲಿಕೆ, ಕಡೆಗೆ ಗ್ಯಾಸ್ ಒಲೆ. ಮನುಷ್ಯನನ್ನು ಕೊಲ್ಲುವುದು ಎಷ್ಟು ಕಷ್ಟ, ಎಷ್ಟು ಹೊಲಸು ಎಂದು ಏದುಸಿರೇ ಹೇಳುತ್ತದೆ. ಹರ್ಮನ್ ಬರೆದ ತುಣುಕೂ ಉಳಿದಿದೆ. ಎರಡನ್ನೂ ಕೇಳಿದರೆ ಇಲ್ಲಿ ಹಿಚ್‌ಕಾಕ್ ಹೇಳಿದ್ದೇ ಸರಿ ಎನಿಸುತ್ತದೆ. ಗೆಳೆತನ ಮಾತ್ರ ಮತ್ತೆ ಕೂಡಲಿಲ್ಲ.

1975ರ ‘ಜಾಸ್’ ಈ ಪಾಠವನ್ನು ಚತುರವಾಗಿ ತಿರುಗಿಸಿತು. ಸಂಯೋಜಕ ಜಾನ್ ವಿಲಿಯಮ್ಸ್ ಎರಡೇ ಸ್ವರ ನುಡಿಸಿದಾಗ ನಿರ್ದೇಶಕ ಸ್ಪೀಲ್‌ಬರ್ಗ್ ತಮಾಷೆಯೆಂದು ನಕ್ಕರು. ಯಾಂತ್ರಿಕ ಶಾರ್ಕ್ ಪದೇಪದೇ ಕೈಕೊಟ್ಟಿದ್ದರಿಂದ ಆ ಸ್ವರಗಳೇ ಶಾರ್ಕ್ ಆದವು. ಹುಡುಗರು ರಟ್ಟಿನ ರೆಕ್ಕೆ ಕಟ್ಟಿ ಹೆದರಿಸುವಾಗ ಸ್ವರ ಬರುವುದಿಲ್ಲ. ಅಂದರೆ ಸಂಗೀತ ಸುಳ್ಳು ಹೇಳುವುದಿಲ್ಲ ಎಂದು ಪ್ರೇಕ್ಷಕ ನಂಬುತ್ತಾನೆ. ಆಮೇಲೊಮ್ಮೆ ಯಾವ ಸ್ವರವೂ ಇಲ್ಲದೆ ನಿಜವಾದ ಶಾರ್ಕ್ ನೀರಿನಿಂದ ತಲೆ ಎತ್ತುತ್ತದೆ.

ಭಾರತದಲ್ಲಿ ಟಾಕಿ ಎಂದರೆ ಹಾಡು ಎಂದೇ ಆಯಿತು, ಹಾಗಾಗಿ ಇಲ್ಲಿ ಮೊದಲ ಬಂಡಾಯ ಹಾಡಿನ ವಿರುದ್ಧ. 1954ರ ತಮಿಳಿನ ‘ಅಂದ ನಾಳ್’ ಒಂದೂ ಹಾಡಿಲ್ಲದ ಕೊಲೆಯ ಕಥೆ. ನಿರ್ದೇಶಿಸಿದ್ದು ವೀಣಾ ವಿದ್ವಾಂಸ ಎಸ್. ಬಾಲಚಂದರ್, ನಾಯಕಿ ಅದೇ ವರ್ಷ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಜೊತೆ ನಟಿಸಿದ ನಮ್ಮ ಪಂಡರಿಬಾಯಿ. ಹಿಂದಿಯಲ್ಲಿ ಬಿ.ಆರ್. ಚೋಪ್ರಾ ಅವರ ಹಾಡಿಲ್ಲದ ‘ಕಾನೂನ್’ ಬಂದದ್ದು ‘ಸೈಕೊ’ ಬಂದ ವರ್ಷವೇ. ಕನ್ನಡದಲ್ಲಿ ಸುನೀಲ್‌ಕುಮಾರ್ ದೇಸಾಯಿ 1989ರ ‘ತರ್ಕ’ದಲ್ಲಿ ಹಾಡು ಬಿಟ್ಟು ಗುಣಸಿಂಗ್ ಅವರ ಹಿನ್ನೆಲೆ ಸಂಗೀತವನ್ನೇ ನಂಬಿದರು. ಅದಕ್ಕೂ ಎರಡು ವರ್ಷ ಮೊದಲು ಸಿಂಗೀತಂ ಶ್ರೀನಿವಾಸರಾವ್ ಬೆಂಗಳೂರಿನಲ್ಲಿ ತೆಗೆದ ‘ಪುಷ್ಪಕ ವಿಮಾನ’ದಲ್ಲಿ ಮಾತೇ ಇಲ್ಲ. ಮಂಜುಗಡ್ಡೆಯ ಚಾಕು ಹಿಡಿದ ಕೊಲೆಗಾರನೊಬ್ಬ ಅಲ್ಲೂ ಇದ್ದಾನೆ. ಚಿತ್ರಮಂದಿರದ ಗದ್ದಲಕ್ಕೆ ಒಗ್ಗಿದ ನಾಯಕ ದೊಡ್ಡ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಬರದೆ, ಆ ಗದ್ದಲವನ್ನೇ ಟೇಪು ಮಾಡಿಕೊಂಡು ಬಂದು ಹಾಕಿಕೊಂಡು ಮಲಗುತ್ತಾನೆ.

ಇತ್ತೀಚಿನ ನಮ್ಮ ಥ್ರಿಲ್ಲರುಗಳಲ್ಲಿ ರೀರೆಕಾರ್ಡಿಂಗ್ ಮಾಡುವವರಿಗೂ ಇದೇ ಕಾಯಿಲೆ ಇದ್ದಂತಿದೆ; ಬಾಗಿಲು ತೆರೆಯುವ ಮೊದಲೇ ಸಬ್‌ವೂಫರ್ ಗುಡುಗಿ ಗುಟ್ಟು ಬಿಟ್ಟುಕೊಡುತ್ತದೆ. ಅಂಥದ್ದನ್ನು ನೋಡಿ ಸುಸ್ತಾದವರು ಒಂದು ರಾತ್ರಿ ‘ರಿಫಿಫಿ’ ಹಾಕಿಕೊಳ್ಳಲಿ. ಕಳ್ಳತನ ಶುರುವಾಗುವ ಮುನ್ನ ಫ್ಯಾನ್ ಆರಿಸುವುದನ್ನು ಮಾತ್ರ ಮರೆಯಬೇಡಿ.